ಕಚ್ಚು ಕೂಡದ ರ್ಯಾಮ್

ಭಾಲ್ಕಿಯಿಂದ ಬಂದ ಅಳಿಯ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಕೇಳಿದ: “ಮಾಮಾ, ರ್ಯಾಮ್ ಕುಂದ್ರವಲ್ದು. ಜರಾ ಜೋರ್ ಹಚ್ಚಿ ಒತ್ತಲೇನು?”

“ಒತ್ತಬ್ಯಾಡ. ಮೊದಲ ಒಳಗ ಬಾ.”

ಬಗಲಲ್ಲಿ ಬೆಡ್‌ಶೀಟ್ ಸುತ್ತಿದ ಕ್ಯಾಬಿನೆಟ್ಟು, ಕೈಚೀಲದಲ್ಲಿ ಮದರ್‌ಬೋರ್ಡಿನ ಡಬ್ಬ, ಅಂಗಿಯ ಕಿಸೆಯಲ್ಲಿ ಎರಡು ರ್ಯಾಮ್ ಸ್ಟಿಕ್ಕು. ಅದೂ ನೈಲಾನ್ ಅಂಗಿ. ಚಳಿಗಾಲದ ಒಣಹವೆಯಲ್ಲಿ ಅಂಥ ಅಂಗಿ ತೆಗೆಯುವಾಗ ಚಟಚಟ ಎನ್ನುತ್ತದಲ್ಲ, ಆ ಚಟಚಟ ಒಂದು ರ್ಯಾಮ್ ಸಾಯಿಸಲು ಸಾಕು. ಬಯ್ಯಬೇಕೆನ್ನಿಸಿತು. ಆದರೆ ಅವನ ಮುಖ ನೋಡಿದರೆ ಬೆಳಗಿನಿಂದ ಸಾಕಷ್ಟು ಬೈಸಿಕೊಂಡವನ ಹಾಗಿತ್ತು.

ಭಾಲ್ಕಿಯಲ್ಲಿ ಅವನದೊಂದು ಸಣ್ಣ ಫೋಟೊ ಸ್ಟುಡಿಯೊ. ಮದುವೆ ಮುಹೂರ್ತ ಶುರುವಾದರೆ ಅಲ್ಬಮ್ಮು, ವಿಡಿಯೊ ಎಂದು ಹಗಲು ರಾತ್ರಿ ಒಂದೇ. ಹಳೆಯ ಕಂಪ್ಯೂಟರಿನಲ್ಲಿ ಅಲ್ಬಮ್ಮಿನ ಒಂದು ಹಾಳೆ ತೆರೆಯುವಷ್ಟರಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ಅದಕ್ಕೇ ಹೊಸದನ್ನು ತಾನೇ ಅಸೆಂಬಲ್ ಮಾಡುತ್ತೇನೆಂದು ಎರಡು ತಿಂಗಳಿಂದ ಒಂದೊಂದೇ ಸಾಮಾನು ಆನ್‌ಲೈನಿನಲ್ಲಿ ತರಿಸಿದ್ದ.

ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಬೋರ್ಡು ಬಿಚ್ಚಿದೆವು. ಅವನ ರ್ಯಾಮ್ ಒಂದನ್ನು ತೆಗೆದುಕೊಂಡು, ನನ್ನ ಕಪಾಟಿನಲ್ಲಿದ್ದ ಇನ್ನೊಂದನ್ನು ಅದರ ಪಕ್ಕಕ್ಕೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಉದ್ದ ಒಂದೇ. ಬಂಗಾರದ ಬಣ್ಣದ ಹಲ್ಲುಗಳು ಎರಡರಲ್ಲೂ 288. ಆದರೆ ಹಲ್ಲುಸಾಲಿನ ನಡುವೆ ಇರುವ ಕಚ್ಚು ನೋಡಿ: ಅವನದರಲ್ಲಿ ಕೆಲವು ಮಿಲಿಮೀಟರ್ ಆಚೆ, ನನ್ನದರಲ್ಲಿ ಈಚೆ. ಅವನದು ಡಿಡಿಆರ್4 ತಲೆಮಾರಿನದು, ನನ್ನದು ಡಿಡಿಆರ್5. ಮೇಜಿನ ಮೇಲಿದ್ದ ಬೋರ್ಡಿಗೆ ಬೇಕಾದದ್ದೂ ಡಿಡಿಆರ್5.

ಈ ಕಚ್ಚನ್ನು ಜನ ಅಲಂಕಾರ ಎಂದುಕೊಳ್ಳುತ್ತಾರೆ. ಅದು ಬೀಗದ ಕೈಯ ಹಲ್ಲು. ಡಿಡಿಆರ್3 ರ್ಯಾಮ್ 1.5 ವೋಲ್ಟಿನಲ್ಲಿ ಓಡುತ್ತಿತ್ತು, ಡಿಡಿಆರ್4 ಬಂದಾಗ ಅದು 1.2ಕ್ಕೆ ಇಳಿಯಿತು, ಡಿಡಿಆರ್5ರಲ್ಲಿ 1.1. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಡಿಡಿಆರ್4ಕ್ಕೆ ಬೇಕಾದ 1.2 ವೋಲ್ಟನ್ನು ಬೋರ್ಡೇ ತಯಾರಿಸಿ ಕೊಡುತ್ತದೆ. ಡಿಡಿಆರ್5ರಲ್ಲಿ ಬೋರ್ಡು 5 ವೋಲ್ಟ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಅದನ್ನು ಇಳಿಸಿಕೊಳ್ಳುವ ಪುಟ್ಟ ಚಿಪ್ಪು ರ್ಯಾಮಿನ ಮೈಮೇಲೇ ಇದೆ. ಇಳಿಸುವ ಚಿಪ್ಪೇ ಇಲ್ಲದ ಡಿಡಿಆರ್4 ಅನ್ನು ಜೋರು ಹಚ್ಚಿ ಕೂರಿಸಿದ್ದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಅವನು ಭಾಲ್ಕಿಯಲ್ಲೇ ಒತ್ತಿಬಿಡದೆ ನಲವತ್ತು ಕಿಲೋಮೀಟರ್ ಬಂದು ಕೇಳಿದ್ದೇ ದೊಡ್ಡದು.

“ಹೊಸ ಡೆಸ್ಕ್‌ಟಾಪ್ ಎಲ್ಲಕ್ಕೂ ನಡೀತದ ಅಂತ ಬರದಿದ್ರು ಮಾಮಾ. ಡಿಡಿಆರ್5ಕ್ಕಿಂತ ಇದು ಸಸ್ತಾ ಇತ್ತು.”

ಮಾರಿದವರು ಈಗ ವಾಪಸ್ ತೆಗೆದುಕೊಳ್ಳುವುದಿಲ್ಲ, ಡಬ್ಬದ ಸೀಲು ಒಡೆದಿದೆಯಂತೆ. ಸೀಲು ಒಡೆಯದೆ ಕಚ್ಚು ನೋಡುವುದು ಹೇಗೆ ಎಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ.

ನಮ್ಮ ಕಡೆ ಹೊಸ ಕಂಪ್ಯೂಟರ್ ಎಂದರೆ ಮೊದಲ ಪ್ರಶ್ನೆ “ಎಷ್ಟು ಜಿಬಿ ರ್ಯಾಮ್?” ಎರಡನೆಯದು “ಐ5 ಏನು, ಐ7 ಏನು?” ಮದರ್‌ಬೋರ್ಡಿನ ಸರದಿ ಎಲ್ಲ ಮುಗಿದ ಮೇಲೆ, ಉಳಿದ ಚಿಲ್ಲರೆಯಲ್ಲಿ. ಇದು ತಿರುವುಮುರುವು. ಸೀರೆ ನೋಡಿ ಕುಬಸ ಆರಿಸುತ್ತಾರೆಯೇ ಹೊರತು ಕುಬಸ ಹಿಡಿದುಕೊಂಡು ಸೀರೆ ಅಂಗಡಿಗೆ ಯಾರೂ ಹೋಗುವುದಿಲ್ಲ. ಯಾವ ಪ್ರೊಸೆಸರ್ ಕೂಡಬೇಕು, ಯಾವ ತಲೆಮಾರಿನ ರ್ಯಾಮ್ ಕೂಡಬೇಕು, ನಾಳೆ ಏನು ಸೇರಿಸಬಹುದು, ಎಲ್ಲ ಬೋರ್ಡು ಕೊಂಡ ದಿನವೇ ತೀರ್ಮಾನ ಆಗಿಹೋಗಿರುತ್ತದೆ. ರ್ಯಾಮ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಬೋರ್ಡು ಬದಲಿಸುವುದೆಂದರೆ ಇಡೀ ಕ್ಯಾಬಿನೆಟ್ಟನ್ನು ಬಿಚ್ಚಿ ಮತ್ತೆ ಕಟ್ಟುವುದು.

ಈಗ ಪೇಟೆಯಲ್ಲಿ ಸಿಗುವ ಬೋರ್ಡುಗಳ ಲೆಕ್ಕ ಹೀಗೆ. ಎಎಂಡಿಯಲ್ಲಿ ಗೊಂದಲ ಕಡಿಮೆ. 2016ರಿಂದ ನಡೆದುಬಂದ ಎಎಂ4 ಸಾಕೆಟ್ ಎಂದರೆ ಡಿಡಿಆರ್4, 2022ರ ಸೆಪ್ಟೆಂಬರಿನಲ್ಲಿ ಬಂದ ಎಎಂ5 ಎಂದರೆ ಡಿಡಿಆರ್5, ನಡುವೆ ಇನ್ನೊಂದು ಮಾತಿಲ್ಲ. ಇಂಟೆಲ್‌ನಲ್ಲಿ ಎಡವುವವರು ಹೆಚ್ಚು. 12, 13, 14ನೇ ತಲೆಮಾರಿನ ಪ್ರೊಸೆಸರುಗಳು ಕೂಡುವ ಎಲ್‌ಜಿಎ1700 ಸಾಕೆಟ್ಟಿನ ಬೋರ್ಡುಗಳು ಎರಡೂ ಬಗೆಯಲ್ಲಿ ಬರುತ್ತವೆ. ಬಿ760 ಎಂದೇ ಹೆಸರು, ಡಬ್ಬದ ಬಣ್ಣವೂ ಒಂದೇ. ಒಂದರ ಹೆಸರಿನ ಬಾಲದಲ್ಲಿ ‘ಡಿ4’ ಅಂತಲೋ ‘ಡಿಡಿಆರ್4’ ಅಂತಲೋ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಒಂದೇ ಬೋರ್ಡಿನಲ್ಲಿ ಎರಡನ್ನೂ ಬೆರೆಸಿ ಓಡಿಸಲು ಆಗದು. 2024ರ ಅಕ್ಟೋಬರಿನಲ್ಲಿ ಬಂದ ಇಂಟೆಲ್‌ನ ಎಲ್‌ಜಿಎ1851 ಸಾಕೆಟ್ಟಿನಲ್ಲಿ ಮತ್ತೆ ಡಿಡಿಆರ್5 ಒಂದೇ. ಬಾಲದ ಎರಡು ಅಕ್ಷರ ನೋಡದೆ ಕೊಂಡವರನ್ನು ನಾನು ನನ್ನ ಲೆಕ್ಕದಲ್ಲೇ ನಾಲ್ಕು ಮಂದಿ ಕಂಡಿದ್ದೇನೆ. ಅಳಿಯ ಐದನೆಯವನು, ಅವನು ಎಡವಿದ್ದು ಗೊಂದಲವೇ ಇಲ್ಲದ ಎಎಂಡಿಯಲ್ಲಿ.

ಇದಕ್ಕಿಂತ ಕೆಟ್ಟ ಗುಂಡಿಯೊಂದಿದೆ. “ಐ5, 16 ಜಿಬಿ, ಎಸ್‌ಎಸ್‌ಡಿ, ಹೊಸ ಕಂಪ್ಯೂಟರ್” ಎಂದು ಕಡಿಮೆ ರೇಟಿನ ಪ್ಯಾಕೇಜುಗಳನ್ನು ಫೋನಿನಲ್ಲಿ ನೋಡಿರುತ್ತೀರಿ. ಕ್ಯಾಬಿನೆಟ್ ಹೊಸದು, ಒಳಗೆ ಬಣ್ಣದ ಲೈಟು, ಬೋರ್ಡೂ ಹೊಸದಾಗಿ ತಯಾರಾದದ್ದೇ. ಆದರೆ ಆ ಬೋರ್ಡಿನ ಚಿಪ್‌ಸೆಟ್ ಎಚ್61 ಇಲ್ಲವೆ ಎಚ್81. ಮೊದಲನೆಯದು 2011ರದು, ಎರಡನೆಯದು 2013ರದು. ಅದಕ್ಕೆ ಯಾವುದೋ ಆಫೀಸಿನಿಂದ ಕಿತ್ತು ತಂದ ಮೂರನೆಯದೋ ನಾಲ್ಕನೆಯದೋ ತಲೆಮಾರಿನ ಐ5, ಡಿಡಿಆರ್3 ರ್ಯಾಮ್. ‘ಐ5’ ಎಂಬುದು ಸುಳ್ಳಲ್ಲ, ಯಾವ ಕಾಲದ ಐ5 ಎಂದು ಹೇಳದಿರುವುದೇ ವ್ಯಾಪಾರ. ವಿಂಡೋಸ್ 11 ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಮೇಲಿನದನ್ನೇ ಕೇಳುತ್ತದೆ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಸಿದೆ. ಟೈಪಿಂಗ್ ಕಲಿಯುವ ಹುಡುಗರಿಗೆ ಅಂಥದ್ದು ನಡೆದೀತು, ಆದರೆ ಹಳೆಯದೆಂದು ಗೊತ್ತಿದ್ದೇ ಕೊಳ್ಳಬೇಕು. ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: “ಬೋರ್ಡಿನ ಪೂರ್ತಿ ಹೆಸರು ಏನ್ರೀ?” ತಡವರಿಸಿದರೆ ಚಹಾ ಕುಡಿದು ಎದ್ದು ಬನ್ನಿ.

ರ್ಯಾಮ್ ಎಂದರೆ ನಿಜಕ್ಕೂ ಏನು ಮಾಡುತ್ತದೆ ಎಂದು ಅಳಿಯನಿಗೆ ವಿವರಿಸಲು ನೌಬಾದಿನ ಕರೇಜ್ ನೆರವಿಗೆ ಬಂತು. ಅವನು ಅಲ್ಲಿ ಒಂದು ಪ್ರಿ-ವೆಡ್ಡಿಂಗ್ ಶೂಟ್ ಮಾಡಿದ್ದಾನೆ. ಬಹಮನಿಗಳ ಕಾಲದಲ್ಲಿ ಪರ್ಷಿಯಾದ ಕಡೆಯಿಂದ ಬಂದ ವಿದ್ಯೆ ಅದು: ಜಂಬಿಟ್ಟಿಗೆ ಕಲ್ಲಿನ ಅಡಿಯಲ್ಲಿ ಸುರಂಗ ಕೊರೆದು, ನಡುನಡುವೆ ಗಾಳಿಬಾವಿ ತೋಡಿ, ನೆಲದೊಳಗಿನ ನೀರನ್ನು ಇಳಿಜಾರಿನಲ್ಲಿ ಹರಿಸಿ ತರುವುದು. ನೀರು ಎಷ್ಟಿದೆ ಎನ್ನುವುದು ಒಂದು ಮಾತು. ಸುರಂಗದ ಅಗಲ ಎಷ್ಟು, ಒಂದು ಗಳಿಗೆಗೆ ಎಷ್ಟು ನೀರು ಹರಿದೀತು ಎನ್ನುವುದು ಬೇರೆಯೇ ಮಾತು. ತೂಬು ಎತ್ತಿದ ಮೇಲೆ ಮೊದಲ ಹನಿ ಕಾಣಲು ಎಷ್ಟು ಹೊತ್ತು ಎನ್ನುವುದು ಮೂರನೆಯದು. ರ್ಯಾಮಿನಲ್ಲಿ ಜಿಬಿ ಎಂದರೆ ನೀರು. ಡಬ್ಬದ ಮೇಲೆ ದೊಡ್ಡದಾಗಿ ಬರೆದ 3200, 6000 ಎಂಬುದು ಸುರಂಗದ ಅಗಲ. ಅದರ ಪಕ್ಕ ಸಣ್ಣಕ್ಷರದಲ್ಲಿ ಇರುವ ‘ಸಿಎಲ್’ ಮೊದಲ ಹನಿಯ ಲೆಕ್ಕ.

ಅಗಲದಲ್ಲಿ ಹೊಸದು ಗೆದ್ದಿರುವುದು ಖರೆ. 3200 ವೇಗದ ಡಿಡಿಆರ್4ರ ಒಂದು ಚಾನೆಲ್ಲಿನಲ್ಲಿ ಸೆಕೆಂಡಿಗೆ 25.6 ಜಿಬಿ ಹರಿದರೆ, 6000ದ ಡಿಡಿಆರ್5ರಲ್ಲಿ 48. ಮೊದಲ ಹನಿಯ ಕಥೆ ಬೇರೆ. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ, ವೇಗದ ಅಂಕಿಯಿಂದ ಭಾಗಿಸಿದರೆ ನ್ಯಾನೊಸೆಕೆಂಡ್ ಸಿಗುತ್ತದೆ. ಫೋನಿನ ಕ್ಯಾಲ್ಕುಲೇಟರ್ ಸಾಕು. 3200, ಸಿಎಲ್16 ಎಂದರೆ 10. 6000, ಸಿಎಲ್30 ಎಂದರೂ 10. ಅದೇ ಡಿಡಿಆರ್5ರಲ್ಲಿ 4800, ಸಿಎಲ್40 ಕೊಂಡರೆ 16.7, ಅಂದರೆ ಹೊಸ ತಲೆಮಾರಿಗೆ ರೊಕ್ಕ ಕೊಟ್ಟು ಮೊದಲ ಹನಿಗೆ ಹಳೆಯದಕ್ಕಿಂತ ಹೆಚ್ಚು ಹೊತ್ತು ಕಾಯುವುದು. ಹಾಗೆಂದು ಆರೇಳು ನ್ಯಾನೊಸೆಕೆಂಡಿಗೆ ನಿದ್ದೆಗೆಡಬೇಡಿ. ಗೇಮ್ ಆಡುವ ಹುಡುಗರಿಗೆ ಅದು ಅಷ್ಟಿಷ್ಟು ಕಂಡೀತು. ಅಲ್ಬಮ್ ಮಾಡುವವನಿಗೆ, ಲೆಕ್ಕ ಬರೆಯುವವನಿಗೆ ಕಾಣುವುದು ನೀರು ತೀರಿದಾಗ ಮಾತ್ರ.

ಅಳಿಯನ ನೀರಿನ ಲೆಕ್ಕವನ್ನು ಅವನ ಕಣ್ಣೆದುರೇ ಪೇಪರಿನ ಅಂಚಿನಲ್ಲಿ ಮಾಡಿದೆ. ಅವನ ಅಲ್ಬಮ್ಮಿನ ಬಿಡಿಸಿದ ಹಾಳೆ 12 ಇಂಚು ಎತ್ತರ, 36 ಇಂಚು ಅಗಲ. ಪ್ರಿಂಟಿಗೆ ಇಂಚಿಗೆ 300 ಚುಕ್ಕೆ. ಎಂದರೆ 3600 ಗುಣಿಸು 10,800, ಒಟ್ಟು 3 ಕೋಟಿ 88 ಲಕ್ಷ 80 ಸಾವಿರ ಚುಕ್ಕೆ. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು 3 ಬೈಟ್. ಒಂದು ಪದರಕ್ಕೇ ಸುಮಾರು 117 ಎಂಬಿ ಆಯಿತು. ಮದುಮಗಳ ಫೋಟೊ, ಹಿಂದೆ ಹೂವಿನ ಚಿತ್ತಾರ, ಮೇಲೆ ಬಂಗಾರದ ಚೌಕಟ್ಟು, ಅದರ ನೆರಳು ಎಂದು ಇಪ್ಪತ್ತು ಪದರ ಪೇರಿಸಿದರೆ 2.3 ಜಿಬಿ. ಹಿಂದಕ್ಕೆ ಹೋಗಲು ಫೋಟೊಶಾಪ್ ನೆನಪಿಟ್ಟುಕೊಳ್ಳುವ ಹಳೆಯ ಹೆಜ್ಜೆಗಳು ಬೇರೆ. ಅಂಥ ನಾಲ್ಕು ಹಾಳೆ ಒಟ್ಟಿಗೆ ತೆರೆದಿಟ್ಟು, ಪಕ್ಕದಲ್ಲಿ ವಾಟ್ಸಾಪ್, ಬ್ರೌಸರಿನಲ್ಲಿ ಹಾಡು. 16 ಜಿಬಿ ಎಲ್ಲಿಗೆ ಸಾಲೀತು? ತುಂಬಿದ ಮೇಲೆ ಕಂಪ್ಯೂಟರು ಉಳಿದದ್ದನ್ನು ಎಸ್‌ಎಸ್‌ಡಿಗೆ ಸಾಗಿಸುತ್ತದೆ, ಬೇಕಾದಾಗ ಅಲ್ಲಿಂದ ಹೊತ್ತು ತರುತ್ತದೆ. ಆ ಹೊತ್ತು ತರುವ ಸಮಯವೇ ಇವನು ಚಹಾ ಕುಡಿದು ಬರುತ್ತಿದ್ದ ಸಮಯ. ಇವನಿಗೆ 32 ಜಿಬಿ ಬೇಕು. 5200 ವೇಗದ 32 ಜಿಬಿ ಸಿಕ್ಕರೂ 7200 ವೇಗದ 16 ಜಿಬಿಗಿಂತ ಇವನಿಗೆ ಅದೇ ವಾಸಿ.

ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗಿಗೆ, ಅವಳ ಕೋಡಿಂಗಿಗೆ, 16 ಸಾಕು. ಔರಾದಿನಿಂದ ಆಗಾಗ ಫೋನ್ ಮಾಡುವ ಮಾಸ್ತರರೊಬ್ಬರಿದ್ದಾರೆ, ‘ನುಡಿ’ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಾರೆ, ಹಾಳೆಹಾಳೆಯಾಗಿ ಪಿಡಿಎಫ್ ತೆರೆಯುತ್ತಾರೆ. ಅವರಿಗೂ 16ರ ಮೇಲೆ ಬೇಡ. ಆದರೆ ಅವರ ಕಥೆಯಲ್ಲಿ ಇನ್ನೊಂದು ಸಿಕ್ಕು ಇದೆ: ರೈಝೆನ್ 3 3200ಜಿ ಪ್ರೊಸೆಸರು, ಎಎಂ4 ಬೋರ್ಡು, ನಾಲ್ಕು ಸ್ಲಾಟಿನಲ್ಲಿ ಒಂದೇ ಒಂದು 8 ಜಿಬಿ ಸ್ಟಿಕ್ಕು. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಮೇಲಿನ ಚಿತ್ರಕ್ಕೂ ಇದೇ ರ್ಯಾಮಿನಿಂದಲೇ ಪಾಲು ಹೋಗಬೇಕು, ಇದೇ ಒಂದು ಸುರಂಗದಲ್ಲಿ. ಒಂದು ಸ್ಟಿಕ್ ಎಂದರೆ ಒಂದು ಚಾನೆಲ್, ಎರಡು ಸ್ಟಿಕ್ ಎಂದರೆ ಎರಡು. ಎರಡನೆಯ ಸುರಂಗ ಬೋರ್ಡಿನಲ್ಲಿ ಫುಕಟ್ ಬಂದದ್ದು ಖಾಲಿ ಬಿದ್ದಿದೆ. ಕಂಪ್ಯೂಟರ್ ನಿಧಾನ ಎಂದು ದೂರುವವರ ಮನೆಗೆ ಹೋದಾಗ ನಾನು ಮೊದಲು ಪಕ್ಕದ ಪಟ್ಟಿ ತೆಗೆದು ನೋಡುವುದು ಇದನ್ನೇ.

ಆದ್ದರಿಂದ ರ್ಯಾಮನ್ನು ಜೋಡಿಯಾಗಿ ಕೊಳ್ಳಿ, ಒಂದೇ ಡಬ್ಬದಲ್ಲಿ ಬಂದ ಜೋಡಿ. “ಈಗ ಒಂದು, ಮುಂದಿನ ಸೀಸನ್ನಿಗೆ ಇನ್ನೊಂದು” ಎಂದು ಅಳಿಯ ಹೇಳಿದ. ಮುಂದಿನ ಸೀಸನ್ನಿಗೆ ಅದೇ ಹೆಸರಿನ ಡಬ್ಬ ಸಿಕ್ಕರೂ ಒಳಗಿನ ಚಿಪ್ಪು ಬೇರೆ ಕಂಪನಿಯದಾಗಿರಬಹುದು. ಆಗ ಕೆಲವೊಮ್ಮೆ ಎರಡೂ ಹೊಂದಿಕೊಳ್ಳುತ್ತವೆ, ಕೆಲವೊಮ್ಮೆ ವಾರಕ್ಕೊಮ್ಮೆ ಕಾರಣವಿಲ್ಲದೆ ನೀಲಿ ಪರದೆ ಬರುತ್ತದೆ, ಹುಡುಕಿದರೆ ಸಿಗುವುದಿಲ್ಲ. ನಾಲ್ಕು ಸ್ಲಾಟ್ ಇದೆಯೆಂದು ನಾಲ್ಕೂ ತುಂಬುವ ಆಸೆ ಬೇಡ. ಎಎಂ5 ಬೋರ್ಡುಗಳಲ್ಲಿ ನಾಲ್ಕು ತುಂಬಿದರೆ ಎಎಂಡಿ ಅಧಿಕೃತವಾಗಿ ಭರವಸೆ ಕೊಡುವ ವೇಗ 3600ಕ್ಕೆ ಇಳಿಯುತ್ತದೆ. ಎರಡೇ ಹಾಕುವಾಗ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್. ಪಕ್ಕಪಕ್ಕದಲ್ಲಿ ಹಾಕಿದರೆ ಎರಡೂ ಒಂದೇ ಚಾನೆಲ್ಲಿನಲ್ಲಿ ಸರತಿ ನಿಲ್ಲುತ್ತವೆ. ಡಿಡಿಆರ್5ರಲ್ಲಿ 8 ಜಿಬಿಯ ಸ್ಟಿಕ್ಕುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಎಂಟು ಚಿಪ್ಪಿನ ಬದಲು ನಾಲ್ಕೇ ಇರುತ್ತವೆ, ಕೆಲಸ ಹಂಚಿಕೊಳ್ಳುವ ಗುಂಪುಗಳೂ ಅರ್ಧ.

ಇಷ್ಟೆಲ್ಲ ಹೇಳಿ ಬೆಲೆಯ ಮಾತು ಆಡದಿದ್ದರೆ ಓದುಗರು ಬಯ್ಯುತ್ತಾರೆ. ಎರಡು ವರ್ಷದ ಹಿಂದೆ “32 ಜಿಬಿ ಹಾಕಿ ಮರೆತುಬಿಡಿ” ಎಂದು ಸಲೀಸಾಗಿ ಹೇಳುತ್ತಿದ್ದೆ. 2025ರ ಕೊನೆಯ ತಿಂಗಳುಗಳಿಂದ ರ್ಯಾಮಿನ ಬೆಲೆ ತೊಗರಿ ಬೆಲೆಯ ಹಾಗೆ ಏರಿತು, ತೊಗರಿಯ ಹಾಗೆ ಇಳಿಯಲಿಲ್ಲ. ಕಾರಣ ದೂರದ್ದು. ಜಗತ್ತಿನ ಮೆಮೊರಿ ಚಿಪ್ಪುಗಳಲ್ಲಿ ಬಹುಪಾಲು ಮಾಡುವವರು ಮೂವರೇ: ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಡಬ್ಬದ ಮೇಲೆ ಹೆಸರು ಯಾರದೇ ಇರಲಿ, ಒಳಗಿನ ಕರಿ ಚಿಪ್ಪು ಹೆಚ್ಚಾಗಿ ಇವರದೇ. ಎಐ ನಡೆಸುವ ದೊಡ್ಡ ಸರ್ವರ್ ಮನೆಗಳು ಕೇಳಿದಷ್ಟು ಕೊಟ್ಟು ಮೆಮೊರಿ ಎತ್ತುತ್ತಿರುವಾಗ ಭಾಲ್ಕಿಯ ಸ್ಟುಡಿಯೊಕ್ಕೆ ಎರಡು ಸ್ಟಿಕ್ ಮಾರುವ ಉಮೇದು ಅವರಿಗೆ ಯಾಕಿದ್ದೀತು? 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ‘ಕ್ರೂಶಿಯಲ್’ ಹೆಸರಿನ, ಸಾಮಾನ್ಯ ಗಿರಾಕಿಗಳಿಗೆ ಮಾರುವ ವ್ಯಾಪಾರದಿಂದಲೇ ಹೊರಬರುವುದಾಗಿ ಪ್ರಕಟಿಸಿತು. ನಾನು ಹದಿನೈದು ವರ್ಷ ಕಣ್ಣುಮುಚ್ಚಿ ಕೊಳ್ಳುತ್ತಿದ್ದ ಹೆಸರು ಅದು. ಇದೇ ಮೈಕ್ರಾನ್ ಗುಜರಾತಿನ ಸಾನಂದಿನಲ್ಲಿ ಚಿಪ್ ಜೋಡಣೆ, ಪರೀಕ್ಷೆಯ ಕಾರ್ಖಾನೆ ಕಟ್ಟುತ್ತೇನೆಂದು 2023ರಲ್ಲಿ ಹೇಳಿದಾಗ, ಇನ್ನು ರ್ಯಾಮ್ ಸಸ್ತಾ ಆಗುತ್ತದೆ ಎಂದು ಇದೇ ಮೇಜಿನ ಮೇಲೆ ಕೈಬಡಿದು ಭವಿಷ್ಯ ನುಡಿದವನೂ ನಾನೇ.

ಈ ಕಾಲದಲ್ಲಿ ಕೈಯಲ್ಲಿ ಒಳ್ಳೆಯ ಡಿಡಿಆರ್4 ಜೋಡಿ ಇದ್ದವರು ಎಎಂ4 ಬೋರ್ಡನ್ನೋ ‘ಡಿ4’ ಬಾಲದ ಬಿ760 ಅನ್ನೋ ಕೊಂಡರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಅಳಿಯನಿಗೂ ಅದನ್ನೇ ಹೇಳುತ್ತಿದ್ದೆ, ಅವನು ಬೋರ್ಡು, ಪ್ರೊಸೆಸರು ಎರಡನ್ನೂ ಕೊಂಡು ಮುಗಿಸಿರದಿದ್ದರೆ.

ಬೋರ್ಡನ್ನಾದರೂ ಅವನು ಬರೋಬರ್ ಆರಿಸಿದ್ದ, ಬಿ650. ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಬಣ್ಣದ ಲೈಟುಗಳಿಗೆ ರೊಕ್ಕ ಸುರಿಯುವ ಬದಲು ಕೆಲವು ಒಣ ಸಂಗತಿಗಳಿಗೆ ಕೊಡುವುದು ಒಳ್ಳೆಯದು. ಪ್ರೊಸೆಸರಿನ ಎಡಕ್ಕೆ, ಮೇಲಕ್ಕೆ ಸಾಲಾಗಿ ಕೂತ ಚೌಕ ಚಿಪ್ಪುಗಳು ಕರೆಂಟನ್ನು ಹದಮಾಡಿ ಕೊಡುವ ಭಾಗ. ಅವುಗಳ ಮೇಲೆ ದಪ್ಪ ಅಲ್ಯೂಮಿನಿಯಂ ಹೊದಿಕೆ ಇದೆಯೇ ನೋಡಿ. ಐ5-12400 ಹೆಚ್ಚೆಂದರೆ 117 ವ್ಯಾಟ್ ಎಳೆದೀತು, ಐ9-14900ಕೆ 253. ಹೊದಿಕೆಯಿಲ್ಲದ ಎಚ್610 ಬೋರ್ಡಿನ ಮೇಲೆ ಅಂಥ ಐ9 ಕೂರಿಸುವುದೆಂದರೆ ಟಂಟಂ ಗಾಡಿಗೆ ಲಾರಿಯ ಲೋಡು ಹಾಕಿದ ಹಾಗೆ. ಓಡುತ್ತದೆ, ಏರು ಬಂದಾಗ ನಿಲ್ಲುತ್ತದೆ. ನಮ್ಮಲ್ಲಿ ಏರು ಎಂದರೆ ಮೇ ತಿಂಗಳು. ಹೊರಗೆ 40 ಡಿಗ್ರಿ ಇರುವಾಗ ಕ್ಯಾಬಿನೆಟ್ಟಿನ ಒಳಗೆ ಎಷ್ಟಿರಬೇಕು?

ಬಿಸಿಯ ಪಾಡು ರ್ಯಾಮಿಗೂ ಇದೆ. ಅದರ ಒಂದೊಂದು ಕೋಶವೂ ಸೋರುವ ಕೊಡ. ಡಿಡಿಆರ್4ರಲ್ಲಿ ಎಲ್ಲ ಕೊಡಗಳನ್ನೂ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬುತ್ತಲೇ ಇರಬೇಕು, ಚಿಪ್ಪಿನ ಬಿಸಿ 85 ಡಿಗ್ರಿ ದಾಟಿದರೆ ಎರಡು ಪಟ್ಟು ಬೇಗ. ಕೊಡ ತುಂಬುವುದರಲ್ಲೇ ಹೊತ್ತು ಹೋದರೆ ಕೆಲಸ ಎಲ್ಲಿ? ಕ್ಯಾಬಿನೆಟ್ಟಿನ ಮುಂದೊಂದು, ಹಿಂದೊಂದು ಫ್ಯಾನು ಇದ್ದರೆ ಸಾಕು.

ಖಾಲಿ ಪಿಸಿಐಇ ಸ್ಲಾಟ್ ಒಂದಾದರೂ ಇರುವ ಬೋರ್ಡು ನೋಡಿ ಎಂದು ನಾನು ಹೇಳುವುದಕ್ಕೆ ಸ್ವಂತ ಕಾರಣವಿದೆ. ಒಂದು ಮೇ ತಿಂಗಳ ಸಂಜೆ, ಮುಂಗಾರಿಗೆ ಮುಂಚಿನ ಗುಡುಗುಮಳೆ. ಕರೆಂಟಿನ ಪ್ಲಗ್ ಕಿತ್ತಿಟ್ಟಿದ್ದೆ, ಇಂಟರ್‌ನೆಟ್ಟಿನ ತಾಮ್ರದ ತಂತಿ ಕೀಳಲು ಮರೆತಿದ್ದೆ. ಎಲ್ಲೋ ಹತ್ತಿರ ಸಿಡಿಲು ಬಡಿಯಿತು. ಮರುದಿನ ಕಂಪ್ಯೂಟರ್ ಎಲ್ಲ ಸರಿ, ಬೋರ್ಡಿನ ಲ್ಯಾನ್ ಪೋರ್ಟ್ ಮಾತ್ರ ಸತ್ತಿತ್ತು. ಖಾಲಿ ಸ್ಲಾಟ್ ಇದ್ದದ್ದಕ್ಕೆ ಸಣ್ಣದೊಂದು ಲ್ಯಾನ್ ಕಾರ್ಡ್ ಸಿಗಿಸಿ ಇವತ್ತಿಗೂ ಅದೇ ಬೋರ್ಡು ನಡೆಸುತ್ತಿದ್ದೇನೆ.

ಇನ್ನೊಂದು, ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸ್ ಹೊಸದು ಮಾಡುವ ಗುಂಡಿ. ಹಳೆಯ ಸ್ಟಾಕಿನ ಬಿ650 ಬೋರ್ಡಿಗೆ ಆಮೇಲೆ ಬಂದ ರೈಝೆನ್ 9000 ಸರಣಿಯ ಪ್ರೊಸೆಸರ್ ಹಾಕಿದರೆ, ಬಯೋಸ್ ಹಳೆಯದಾದರೆ, ಅದು ಗುರುತೇ ಹಿಡಿಯುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಪಕ್ಕ ಇರುವವರು ಬೋರ್ಡನ್ನು ಅಂಗಡಿಗೆ ಒಯ್ದು ಐದು ನಿಮಿಷದಲ್ಲಿ ಸರಿಮಾಡಿಸಿಕೊಂಡಾರು. ನಮಗೆ ಹತ್ತಿರದ ದೊಡ್ಡ ಕಂಪ್ಯೂಟರ್ ಪೇಟೆ ಎಂದರೆ ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿರುವ ಚಿನಾಯ್ ಟ್ರೇಡ್ ಸೆಂಟರ್, ಎಲ್ಲರ ಬಾಯಲ್ಲಿ ಸಿಟಿಸಿ. ಇಲ್ಲಿಂದ ನೂರನಲವತ್ತು ಕಿಲೋಮೀಟರ್ ಆಸುಪಾಸು, ಹೋಗಿ ಬರುವುದಕ್ಕೆ ಒಂದು ದಿನ. ಆ ಗುಂಡಿಗೆ ಕೊಟ್ಟ ರೊಕ್ಕ ಒಂದೇ ಬಸ್ ಪ್ರಯಾಣದಲ್ಲಿ ಹುಟ್ಟುತ್ತದೆ.

ಪೇಪರಿನ ಮೇಲೆ ಬಿದ್ದಿದ್ದ ಕರಿ ಪ್ಲಾಸ್ಟಿಕ್ ಮುಚ್ಚಳವನ್ನು ಅಳಿಯ ಕಸದ ಬುಟ್ಟಿಗೆ ಎಸೆಯಲು ಹೊರಟ. ಕೈ ಹಿಡಿದೆ. ಪ್ರೊಸೆಸರ್ ಕೂಡುವ ಸಾಕೆಟ್ಟಿನ ಮೇಲೆ ಬರುವ ಮುಚ್ಚಳ ಅದು. ಎಎಂ4ರವರೆಗೆ ಎಎಂಡಿಯ ಪಿನ್ನುಗಳು ಪ್ರೊಸೆಸರಿನ ಹೊಟ್ಟೆಯಲ್ಲಿ ಇರುತ್ತಿದ್ದವು. ಎಎಂ5ರಲ್ಲಿ ಅವು ಬೋರ್ಡಿಗೆ ಬಂದಿವೆ, ಕೂದಲಿನಷ್ಟು ತೆಳುವಾದವು, 1718. ವಾರಂಟಿಗೆ ಬೋರ್ಡು ಕಳಿಸುವಾಗ ಈ ಮುಚ್ಚಳವಿಲ್ಲದಿದ್ದರೆ, ಇಲ್ಲವೆ ಒಂದು ಪಿನ್ನು ಬಾಗಿದ್ದರೂ, ಸಾಮಾನ್ಯವಾಗಿ ವಾಪಸ್ ಬರುವುದು ಅದೇ ಬೋರ್ಡು. ಮುಚ್ಚಳ ಡಬ್ಬದಲ್ಲಿ, ಡಬ್ಬ ಅಟ್ಟದ ಮೇಲೆ, ಮೂರು ವರ್ಷ.

ಡಿಡಿಆರ್5ರ ಹೊಸ ಜೋಡಿ ಬರಲು ವಾರ ಹಿಡಿಯಿತು. 16ರ ಎರಡು, 6000, ಸಿಎಲ್36. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಯಾವ ಯಾವ ರ್ಯಾಮ್ ಹಾಕಿ ನೋಡಿದ್ದೇವೆ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಇದರ ಪಾರ್ಟ್ ನಂಬರ್ ಇದೆಯೆಂದು ಖಾತ್ರಿ ಮಾಡಿಕೊಂಡೇ ಆರ್ಡರ್ ಹಾಕಿಸಿದ್ದೆ. ಮತ್ತೆ ಅದೇ ಮೇಜು, ಅದೇ ಪೇಪರು. ಈ ಸಲ ಹತ್ತಿಯ ಅಂಗಿ ತೊಟ್ಟು ಬಂದಿದ್ದ. ಎರಡನೆಯ ಸ್ಲಾಟಿನ ಕ್ಲಿಪ್ ತೆರೆದು, ಕಚ್ಚು ನೋಡಿ, ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿದ. ಟಕ್. ನಾಲ್ಕನೆಯದು. ಟಕ್.

ಸ್ವಿಚ್ ಹಾಕಿದ. ಫ್ಯಾನು ತಿರುಗಿತು. ಪರದೆ ಕಪ್ಪು. ಬೋರ್ಡಿನ ಅಂಚಿನಲ್ಲಿ ‘ಡಿರ‍್ಯಾಮ್’ ಎಂದು ಬರೆದಿರುವ ಪುಟ್ಟ ಹಳದಿ ದೀಪ ಹತ್ತಿತು, ಹತ್ತಿಯೇ ಇತ್ತು.

“ಹೋತು ಮಾಮಾ. ಸುಟ್ಟಿತು.”

“ಕೂಡು. ಕೈ ಹಚ್ಚಬ್ಯಾಡ.”

ಮೊದಲ ಸಲ ಹಾಕಿದಾಗ ಎಎಂ5 ಬೋರ್ಡು ರ್ಯಾಮಿನ ಒಂದೊಂದು ತಂತಿಯ ಮೇಲೂ ಸಂಕೇತ ಕಳಿಸಿ, ಎಷ್ಟು ಬೇಗ ತಲುಪಿತು, ಎಲ್ಲಿ ಮಸುಕಾಯಿತು ಎಂದು ತನ್ನನ್ನು ತಾನೇ ಹದಗೊಳಿಸಿಕೊಳ್ಳುತ್ತದೆ. ಇದಕ್ಕೆ ಕೆಲವು ನಿಮಿಷ ಬೇಕು. ಗೊತ್ತಿಲ್ಲದವರು ಕೆಟ್ಟಿತೆಂದು ಸ್ವಿಚ್ ಆರಿಸಿ ಮತ್ತೆ ಹಾಕುತ್ತಾರೆ, ಅದು ಮತ್ತೆ ಮೊದಲಿಂದ ಶುರುಮಾಡುತ್ತದೆ. ಅಷ್ಟರಲ್ಲಿ ವಾಯುನೆಲೆಯಿಂದ ಎದ್ದ ಹಾಕ್ ವಿಮಾನಗಳು ಸೂರಿನ ಮೇಲೆಯೇ ಹೋದವು. ಸೂರ್ಯಕಿರಣ ತಂಡದ ಊರು ಇದು, ಚಿದ್ರಿಯಲ್ಲಿ ಮಾತು ನಿಲ್ಲಿಸಿ ಕಾಯುವುದು ಎಲ್ಲರಿಗೂ ರೂಢಿ. ಸದ್ದು ಕರಗುವ ಹೊತ್ತಿಗೆ ಹಳದಿ ದೀಪ ಆರಿತ್ತು, ಪರದೆ ಬೆಳಗಿತ್ತು.

ಅಳಿಯನ ಖುಷಿ ಅರ್ಧ ನಿಮಿಷ. “6000 ಅಂತ ರೊಕ್ಕ ಕೊಟ್ಟೀನಿ, 4800 ತೋರಸ್ಲತ್ತದ!”

ತೋರಿಸಲೇಬೇಕು. ಡಬ್ಬದ ಮೇಲಿನ ವೇಗ ತಾನಾಗಿ ಬರುವುದಿಲ್ಲ, ಬಯೋಸಿನೊಳಗೆ ಹೋಗಿ ಎಎಂಡಿಯಲ್ಲಾದರೆ ‘ಎಕ್ಸ್‌ಪೋ’, ಇಂಟೆಲ್‌ನಲ್ಲಾದರೆ ‘ಎಕ್ಸ್‌ಎಂಪಿ’ ಎಂಬುದನ್ನು ಆನ್ ಮಾಡಬೇಕು. ಎಷ್ಟೋ ಮನೆಗಳಲ್ಲಿ 6000ದ ರ್ಯಾಮ್ ವರ್ಷಗಟ್ಟಲೆ 4800ರಲ್ಲೇ ತೆವಳುತ್ತಿರುತ್ತದೆ. ಎಚ್610 ಬೋರ್ಡಿನಲ್ಲಿ ಆನ್ ಮಾಡಿದರೂ ಪ್ರೊಸೆಸರಿಗೆ ಬರೆದ ಅಧಿಕೃತ ವೇಗದಾಚೆ ಹೋಗದು. ಅಲ್ಲಿ ವೇಗದ ರ್ಯಾಮಿಗೆ ರೊಕ್ಕ ಕೊಡುವುದೇ ದಂಡ. ಆನ್ ಮಾಡಿಸಿದೆ, ಸೇವ್ ಮಾಡಿದ, ಪರದೆ ಮತ್ತೆ ಕಪ್ಪಾಯಿತು. ಈ ಸಲ ಅವನು ಕೈಕಟ್ಟಿ ಕೂತ.

ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿದೆವು. ಬೆಳಿಗ್ಗೆ ತಪ್ಪಿನ ಲೆಕ್ಕದಲ್ಲಿ ಸೊನ್ನೆ. ಕ್ಯಾಬಿನೆಟ್ಟನ್ನು ಅದೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಭಾಲ್ಕಿಗೆ ಹೋದ. ಮೂರು ತಿಂಗಳಿಗೊಮ್ಮೆ ಧೂಳು ಊದಿಸು ಎಂದು ಹೇಳಿದ್ದೇನೆ. ಚಿದ್ರಿಯ ಧೂಳು ಕೆಂಪು, ಅವನ ಕಡೆಯದು ಎರೆಮಣ್ಣಿನ ಕಪ್ಪು, ಸ್ಲಾಟಿನಲ್ಲಿ ಕೂತರೆ ಎರಡೂ ಒಂದೇ. ಆಗ ಶಾಲೆ ಮಕ್ಕಳ ರಬ್ಬರಿನಿಂದ ರ್ಯಾಮಿನ ಹಲ್ಲು ಮೆಲ್ಲಗೆ ಉಜ್ಜುವ ನಮ್ಮ ಮೆಕ್ಯಾನಿಕ್ಕರ ಮದ್ದು ಈಗಲೂ ನಡೆಯುತ್ತದೆ.

ಡಿಡಿಆರ್4ರ ಜೋಡಿ ಮೇಜಿನ ಮೇಲೇ ಉಳಿದಿತ್ತು, 8ರ ಎರಡು, 3200. ಭಾನುವಾರ ಔರಾದಿನ ಮಾಸ್ತರರು ತಮ್ಮ ಸಿಪಿಯು ಹೊತ್ತು ತಂದರು. ಒಳಗಿದ್ದ ಒಂಟಿ ಸ್ಟಿಕ್ ತೆಗೆದು ಈ ಜೋಡಿ ಕೂರಿಸಿದೆ. ಕಚ್ಚು ಕೂಡಿತು. ರೊಕ್ಕ ಅಲ್ಲಿಂದಲೇ ಅಳಿಯನ ಫೋನಿಗೆ ಹೋಯಿತು. ಮಾಸ್ತರರು ಒಂದು ಪಿಡಿಎಫ್ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದರು.

“ಮತ್ತ ಇದೂ ಹಾಕ್ರಲ್ಲ ಸಾಹೇಬ್ರ, ಇನ್ನೂ ಎರಡ್ ಖಾಲಿ ಅವ,” ಎಂದರು, ಹಳೆಯ ಸ್ಟಿಕ್ ತೋರಿಸಿ.

ಅದು 2666ರದು. ಹಾಕಿದರೆ ಉಳಿದೆರಡೂ ಅದರ ನಡಿಗೆಗೇ ಇಳಿಯುತ್ತವೆ. ಬೇಡ ಎಂದೆ. ಅವರು ಅದನ್ನು ಅಂಗಿಯ ಕಿಸೆಗೆ ಇಳಿಬಿಡಲು ಹೋದರು. ಅಳಿಯ ಬಿಟ್ಟುಹೋಗಿದ್ದ ಬೆಳ್ಳಿಬಣ್ಣದ ಚೀಲ ಹುಡುಕಿ ಕೊಟ್ಟೆ.